ವಾಷಿಂಗ್ಟನ್ ಕಾಲದ ಬಗ್ಗೆ ಉಪನ್ಯಾಸ ಕೇಳೋಕೆ ಹೋಗುವ ಮುಂಚೆ

ನಾನು ಅಮೆರಿಕದ ಪೌರತ್ವಕ್ಕೆ ಅರ್ಜಿ ಹಾಕಿದಾಗ ಓದಬೇಕಿದ್ದದ್ದು 100 ಪ್ರಶ್ನೆ. ಅಧಿಕಾರಿ ಆಗ ಕೇಳುತ್ತಿದ್ದದ್ದು ಹೆಚ್ಚೆಂದರೆ ಹತ್ತು, ಆರು ಸರಿಯಾದರೆ ಅಲ್ಲಿಗೇ ನಿಲ್ಲಿಸುತ್ತಿದ್ದರು. ಮೊದಲ ಅಧ್ಯಕ್ಷ ಯಾರು ಅಂದರು, ವಾಷಿಂಗ್ಟನ್ ಅಂದೆ. ಸಂವಿಧಾನ ಬರೆದದ್ದು ಯಾವಾಗ ಅಂದರು, 1787 ಅಂದೆ. ಹೈಸ್ಕೂಲಲ್ಲಿ ಅಕ್ಬರನ ತಂದೆ ಹುಮಾಯೂನ್ ಅಂತ ಬರೆದ ಹಾಗೆಯೇ. ಮನೆಗೆ ಬಂದು ಪಾಯಸ ತಿಂದು ಮಲಗಿದ್ದಷ್ಟೇ, ವಾರದೊಳಗೆ ಎಲ್ಲಾ ಮರೆತೂ ಹೋಯಿತು.

ಆಮೇಲೆ ಒಂದು ಸಂಜೆ ಆಫೀಸಿನ ಗೆಳೆಯ ವಾಷಿಂಗ್ಟನ್ ಕಾಲದ ಬಗ್ಗೆ ಒಂದು ಉಪನ್ಯಾಸಕ್ಕೆ ಎಳೆದುಕೊಂಡು ಹೋದ. ನಾನಿರುವುದು ವರ್ಜೀನಿಯಾದಲ್ಲಿ, ಇಲ್ಲಿ ಇಂಥವಕ್ಕೆ ಬರವಿಲ್ಲ. ಅರ್ಧ ನಿದ್ದೆ ಮಾಡಿದೆ. ತಪ್ಪು ಮಾತಾಡಿದವರದ್ದಲ್ಲ, ನಾನು ಏನೂ ತಯಾರಿ ಇಲ್ಲದೆ, ಮದುವೆ ಊಟಕ್ಕೆ ಹೋದ ಹಾಗೆ ಹೋಗಿ ಕೂತಿದ್ದೆ. ಅಲ್ಲಿಂದ ಈಚೆಗೆ ತುಂಬಾ ಉಪನ್ಯಾಸ ಕೇಳಿದ್ದೇನೆ, ಕೆಲವು ಸಭಾಂಗಣದಲ್ಲಿ ಕೂತು, ಜಾಸ್ತಿ ಯೂಟ್ಯೂಬಲ್ಲಿ. ಹೋಗಿ ಕೂತ ಒಂದು ಗಂಟೆ ದಂಡವಾಗದ ಹಾಗೆ ಏನು ಮಾಡಬಹುದು ಅಂತ ಹೊಸಬರು ಕೇಳುತ್ತಿರುತ್ತಾರೆ, ಅವರಿಗಾಗಿ ಇದು.

ಯಾವುದಕ್ಕೆ ಹೋಗಬೇಕು, ಯಾವುದನ್ನು ಬಿಡಬೇಕು

ಶೀರ್ಷಿಕೆ ನೋಡಿ. ವಾಷಿಂಗ್ಟನ್ನನ ನಾಯಕತ್ವದ ಗುಣಗಳು, ನಾವು ಕಲಿಯಬೇಕಾದ ಪಾಠಗಳು ಅಂತ ಇದ್ದರೆ ಸುಮ್ನೆ ಬಿಟ್ಟುಬಿಡಿ. ಅದು ಹಾರ ತುರಾಯಿ ಕಾರ್ಯಕ್ರಮ. ಒಂದು ದಿನ, ಒಂದು ಕಾಗದ, ಒಂದು ಜಗಳ, ಒಂದು ಅಡುಗೆಮನೆ ಹೀಗೆ ಏನಾದರೂ ಒಂದನ್ನು ಹಿಡಿದುಕೊಂಡಿದ್ದರೆ ಹೋಗಿ. ಯಾಕೆಂದರೆ ಅಧ್ಯಕ್ಷ ಪದವಿ ಅನ್ನುವುದು ಸಂವಿಧಾನದಲ್ಲಿ ಅರ್ಧಕ್ಕೆ ಬಿಟ್ಟ ಚಿತ್ರ. ಉಳಿದದ್ದು ತುಂಬಿದ್ದು ಆಮೇಲೆ ನಡೆದ ಜಗಳ, ಮುಜುಗರ, ಹಟ ಇವುಗಳಿಂದ. ಅದನ್ನು ತೋರಿಸುವವರ ಮಾತು ಕೇಳುವುದಕ್ಕೆ ಟಿಕೆಟ್ ಕೊಟ್ಟರೂ ನಷ್ಟವಿಲ್ಲ.

ಒಂದು ಉದಾಹರಣೆ. 1787ರ ಜೂನ್ 1, ಫಿಲಡೆಲ್ಫಿಯಾ. ಒಳಗೆ ನಡೆಯುವ ಮಾತು ಹೊರಗೆ ಹೋಗಬಾರದು ಅಂತ ಕಟ್ಟುನಿಟ್ಟು ಮಾಡಿಕೊಂಡು, ಸಂವಿಧಾನ ಬರೆಯಲು ರಾಜ್ಯಗಳ ಪ್ರತಿನಿಧಿಗಳು ಕೂತಿದ್ದಾರೆ. ಪೆನ್ಸಿಲ್ವೇನಿಯಾದ ಜೇಮ್ಸ್ ವಿಲ್ಸನ್ ಎದ್ದು, ಆಡಳಿತದ ಅಧಿಕಾರ ಒಬ್ಬನೇ ವ್ಯಕ್ತಿಯ ಕೈಯಲ್ಲಿರಲಿ ಅಂತ ಸೂಚಿಸುತ್ತಾನೆ. ಅಷ್ಟು ಹೇಳಿದ್ದೇ ತಡ, ಕೋಣೆಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಆ ಮೌನವನ್ನು ವರ್ಜೀನಿಯಾದ ಪ್ರತಿನಿಧಿ ಜೇಮ್ಸ್ ಮ್ಯಾಡಿಸನ್ ತನ್ನ ಟಿಪ್ಪಣಿಯಲ್ಲಿ ಬರೆದಿಟ್ಟಿದ್ದಾನೆ. ಕೊನೆಗೆ ಬೆಂಜಮಿನ್ ಫ್ರ್ಯಾಂಕ್ಲಿನ್, ಇದು ದೊಡ್ಡ ವಿಷಯ, ನಿಮ್ಮ ಅಭಿಪ್ರಾಯ ಹೇಳಿ ಅಂತ ಎಲ್ಲರನ್ನೂ ಮಾತಿಗೆ ಎಳೆಯಬೇಕಾಯಿತು. ಯಾಕೆ ಮೌನ? ರಾಜನನ್ನು ಓಡಿಸಿ ಇನ್ನೂ ನಾಲ್ಕು ವರ್ಷ ಆಗಿತ್ತು. ಜೊತೆಗೆ, ಆ ಒಬ್ಬ ಯಾರಾಗುತ್ತಾನೆ ಅಂತ ಎಲ್ಲರಿಗೂ ಗೊತ್ತಿತ್ತು, ಮತ್ತು ಅವನು, ಅಂದರೆ ಸಮಾವೇಶದ ಅಧ್ಯಕ್ಷನಾಗಿದ್ದ ವಾಷಿಂಗ್ಟನ್, ಅದೇ ಕೋಣೆಯಲ್ಲಿ ಕೂತಿದ್ದ. ವರ್ಜೀನಿಯಾದ ಎಡ್ಮಂಡ್ ರ‍್ಯಾಂಡಾಲ್ಫ್ ಅಂತೂ ಇದು ರಾಜಪ್ರಭುತ್ವದ ಭ್ರೂಣ ಅಂದ. ಮೂರು ದಿನದ ಮೇಲೆ ಮತಕ್ಕೆ ಹಾಕಿದಾಗ ಏಳು ರಾಜ್ಯ ಒಪ್ಪಿದವು, ಮೂರು ಒಪ್ಪಲಿಲ್ಲ.

ಇಂಥ ಒಂದು ದಿನವನ್ನು ಹಿಡಿದು ಮುಕ್ಕಾಲು ಗಂಟೆ ಮಾತಾಡುವವರು ಸಿಕ್ಕರೆ ನಿದ್ದೆ ಬರುವುದಿಲ್ಲ.

ಎಲ್ಲಿ ಸಿಗುತ್ತವೆ

ವಾಷಿಂಗ್ಟನ್ನನ ಮನೆ ಮೌಂಟ್ ವರ್ನನ್‌ನಲ್ಲಿ 2013ರಲ್ಲಿ ಶುರುವಾದ ಗ್ರಂಥಾಲಯವಿದೆ, ಅಲ್ಲಿ ಹೊಸ ಪುಸ್ತಕ ಬರೆದವರನ್ನು ಕರೆಸಿ ಮಾತಾಡಿಸುತ್ತಾರೆ. ಫಿಲಡೆಲ್ಫಿಯಾದಲ್ಲಿ ನ್ಯಾಷನಲ್ ಕಾನ್‌ಸ್ಟಿಟ್ಯೂಷನ್ ಸೆಂಟರ್, ಬಾಸ್ಟನ್‌ನಲ್ಲಿ 1791ರಿಂದ ಇರುವ ಮ್ಯಾಸಚೂಸೆಟ್ಸ್ ಹಿಸ್ಟಾರಿಕಲ್ ಸೊಸೈಟಿ (ಆಡಮ್ಸ್ ಮನೆತನದ ಕಾಗದಪತ್ರ ಇರುವುದು ಇಲ್ಲಿಯೇ), ನ್ಯೂಯಾರ್ಕಲ್ಲಿ ಫ್ರಾನ್ಸಿಸ್ ಟ್ಯಾವರ್ನ್ ಮ್ಯೂಸಿಯಂ. ಈ ಟ್ಯಾವರ್ನ್‌ನಲ್ಲೇ 1783ರ ಡಿಸೆಂಬರ್ 4ರಂದು ವಾಷಿಂಗ್ಟನ್ ತನ್ನ ಸೇನಾಧಿಕಾರಿಗಳಿಗೆ ವಿದಾಯ ಹೇಳಿದ್ದು. ನಿಮ್ಮೂರಿನ ಲೈಬ್ರರಿಯ ನೋಟಿಸ್ ಬೋರ್ಡನ್ನೂ ನೋಡಿ. ಸ್ವಾತಂತ್ರ್ಯ ಘೋಷಣೆಗೆ 2026ಕ್ಕೆ 250 ವರ್ಷ ಆಗಿರುವುದರಿಂದ ಸಣ್ಣ ಊರುಗಳಲ್ಲೂ ಏನಾದರೊಂದು ನಡೆಯುತ್ತಿರುತ್ತದೆ. ಕೆಲವು ಪುಕ್ಕಟೆ, ಕೆಲವಕ್ಕೆ ಟಿಕೆಟ್, ಪುಕ್ಕಟೆಯವಕ್ಕೂ ಮೊದಲೇ ಹೆಸರು ನೋಂದಾಯಿಸಬೇಕಾಗಬಹುದು.

ಬೆಂಗಳೂರಲ್ಲೋ ಧಾರವಾಡದಲ್ಲೋ ಕೂತು ನೇರ ಪ್ರಸಾರ ನೋಡುವವರಿಗೆ ಒಂದು ಲೆಕ್ಕ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಸಂಜೆ 7 ಗಂಟೆ ಅಂದರೆ ಅವರ ಬೇಸಿಗೆಯಲ್ಲಿ ನಮ್ಮಲ್ಲಿ ಬೆಳಗಿನ ಜಾವ 4:30, ಚಳಿಗಾಲದಲ್ಲಿ 5:30. ಹಾಲಿನವನು ಬರುವ ಹೊತ್ತು. ಅಷ್ಟು ಕಷ್ಟಪಡುವುದು ಬೇಡ ಅಂದರೆ ಹಲವು ಸಂಸ್ಥೆಗಳು ಆಮೇಲೆ ಯೂಟ್ಯೂಬಿಗೆ ಹಾಕುತ್ತವೆ. ಸಿ-ಸ್ಪ್ಯಾನ್ ಅನ್ನುವ ವಾಹಿನಿ ಇಂಥ ಉಪನ್ಯಾಸಗಳನ್ನು ವರ್ಷಗಟ್ಟಲೆ ಚಿತ್ರೀಕರಿಸಿ ತನ್ನ ವೆಬ್‌ಸೈಟಲ್ಲಿ ಇಟ್ಟಿದೆ. ಕಾಲೇಜು ತರಗತಿಯ ಪಾಠಗಳೂ ಅದರಲ್ಲಿ ಸಿಗುತ್ತವೆ, ಹೊಸಬರಿಗೆ ಅವೇ ವಾಸಿ.

ಹೋಗುವ ಮುಂಚಿನ ಅರ್ಧ ಗಂಟೆ

ಸಂವಿಧಾನದ ಎರಡನೇ ವಿಧಿ ಓದಿ. ಅಷ್ಟೇ ಸಾಕು. ಅಧ್ಯಕ್ಷನ ಬಗ್ಗೆ ಇರುವುದು ಬಹುಪಾಲು ಅದರಲ್ಲೇ, ಎರಡು ಮೂರು ಪುಟ, ಒಂದು ಕಾಫಿ ಕುಡಿಯುವುದರೊಳಗೆ ಮುಗಿಯುತ್ತದೆ. ನಮ್ಮ ಸಂವಿಧಾನದ ಗಾತ್ರ ನೋಡಿ ಅಭ್ಯಾಸ ಇರುವವರಿಗೆ ಇದು ಸ್ವಲ್ಪ ಆಶ್ಚರ್ಯವೇ. ಓದುವಾಗ ಅಲ್ಲಿ ಏನಿಲ್ಲ ಅಂತ ಗಮನಿಸಿ. ಕ್ಯಾಬಿನೆಟ್ ಅನ್ನುವ ಪದ ಇಲ್ಲ. ಇಲಾಖೆ ಮುಖ್ಯಸ್ಥರಿಂದ ಲಿಖಿತ ಅಭಿಪ್ರಾಯ ಕೇಳಬಹುದು ಅಂತ ಮಾತ್ರ ಇದೆ. ಇಷ್ಟೇ ಸಲ ಅಧ್ಯಕ್ಷನಾಗಬಹುದು ಅಂತಲೂ ಇಲ್ಲ. ಅವನನ್ನು ಏನಂತ ಕರೆಯಬೇಕು, ಶ್ರೀ ಎನ್ನಬೇಕೋ ಮಹಾಪ್ರಭು ಎನ್ನಬೇಕೋ, ಅದೂ ಇಲ್ಲ.

ಈ ಕೊನೆಯದರ ಮೇಲೆ ಸೆನೆಟ್ಟಿನಲ್ಲಿ ವಾರಗಟ್ಟಲೆ ಜಗಳ ಆಯಿತು ಅಂದರೆ ನಂಬುತ್ತೀರಾ? ಕನ್ನಡದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ನಮ್ಮಲ್ಲಿ ಅಧ್ಯಕ್ಷರು ಅಂದರೆ ಗ್ರಾಮ ಪಂಚಾಯ್ತಿಗೂ ಇದ್ದಾರೆ, ಹಾಲು ಸೊಸೈಟಿಗೂ ಇದ್ದಾರೆ, ಗಣೇಶೋತ್ಸವ ಸಮಿತಿಗೂ ಇದ್ದಾರೆ. ದೇಶಕ್ಕೆ ಬಂದಾಗ ಮಾತ್ರ ರಾಷ್ಟ್ರಪತಿ. 1789ರಲ್ಲಿ ಉಪಾಧ್ಯಕ್ಷ ಜಾನ್ ಆಡಮ್ಸ್‌ಗೆ ಇದೇ ಕಸಿವಿಸಿ. ಬೆಂಕಿ ಆರಿಸುವ ತಂಡಕ್ಕೂ ಪ್ರೆಸಿಡೆಂಟ್, ಕ್ರಿಕೆಟ್ ಕ್ಲಬ್ಬಿಗೂ ಪ್ರೆಸಿಡೆಂಟ್, ದೇಶಕ್ಕೂ ಬರೀ ಪ್ರೆಸಿಡೆಂಟ್ ಅಂದರೆ ಹೊರದೇಶದವರು ಬೆಲೆ ಕೊಡುತ್ತಾರಾ ಅಂತ. ಸೆನೆಟ್ಟಿನ ಸಮಿತಿ ಸೂಚಿಸಿದ ಬಿರುದು ಹೀಗಿತ್ತು: ಹಿಸ್ ಹೈನೆಸ್, ಅಮೆರಿಕ ಸಂಯುಕ್ತ ಸಂಸ್ಥಾನದ ಅಧ್ಯಕ್ಷ ಮತ್ತು ಅದರ ಜನರ ಸ್ವಾತಂತ್ರ್ಯಗಳ ರಕ್ಷಕ. ಕೆಳಮನೆಯವರು ಒಪ್ಪಲೇ ಇಲ್ಲ. ಆ ವರ್ಷದ ಮೇ ತಿಂಗಳಲ್ಲಿ ಬರೀ ಪ್ರೆಸಿಡೆಂಟ್ ಅಂತ ತೀರ್ಮಾನವಾಯಿತು. ಆಡಮ್ಸ್‌ಗೆ ಸಿಕ್ಕಿದ್ದು ಬೆನ್ನ ಹಿಂದಿನ ಬಿರುದು: ಹಿಸ್ ರೊಟಂಡಿಟಿ. ಗುಂಡಪ್ಪ ಅಂದುಕೊಳ್ಳಿ, ಮನುಷ್ಯ ಸ್ವಲ್ಪ ದಪ್ಪ ಇದ್ದ.

ಹೋಗುವ ಮುಂಚೆ ಕೆಲವು ಪದಗಳನ್ನೂ ಸರಿ ಮಾಡಿಕೊಂಡಿರಬೇಕು, ಇಲ್ಲದಿದ್ದರೆ ದಾರಿ ತಪ್ಪುತ್ತದೆ. ಕಾಂಗ್ರೆಸ್ ಅಂದಾಗ ನಮ್ಮ ಕಿವಿಗೆ ಪಕ್ಷ ಕೇಳಿಸುತ್ತದೆ, ಅಲ್ಲಿ ಅದು ಶಾಸನಸಭೆ. ರಿಪಬ್ಲಿಕನ್ ಅಂದರೆ ಈಗಿನ ಪಕ್ಷ ಅಲ್ಲ, ಆಗಿನ ಕಾಲದಲ್ಲಿ ಅದು ವಾಷಿಂಗ್ಟನ್ನನ ವಿದೇಶಾಂಗ ಕಾರ್ಯದರ್ಶಿಯಾಗಿದ್ದ ಥಾಮಸ್ ಜೆಫರ್ಸನ್ ಕಡೆಯವರು. ಈಗಿನ ರಿಪಬ್ಲಿಕನ್ ಪಕ್ಷ ಹುಟ್ಟಿದ್ದು 1854ರಲ್ಲಿ. ಇನ್ನು ಫೇರ್‌ವೆಲ್ ಅಡ್ರೆಸ್, ಅಧ್ಯಕ್ಷ ಪದವಿ ಬಿಡುವ ಮುಂಚೆ ವಾಷಿಂಗ್ಟನ್ ಜನರಿಗೆ ಹೇಳಿದ ಮಾತು. ಕನ್ನಡದಲ್ಲಿ ಇದನ್ನು ವಿದಾಯ ಭಾಷಣ ಅಂತ ಕರೆಯುತ್ತೇವೆ, ನಾನೂ ಹಾಗೇ ಅಂದುಕೊಂಡಿದ್ದೆ, ವಾಷಿಂಗ್ಟನ್ ವೇದಿಕೆ ಮೇಲೆ ನಿಂತು ಮಾತಾಡಿದ, ಜನ ಕಣ್ಣೀರು ಹಾಕಿದರು ಅಂತ. ಅವನು ಅದನ್ನು ಬಾಯಲ್ಲಿ ಹೇಳಲೇ ಇಲ್ಲ. 1796ರ ಸೆಪ್ಟೆಂಬರ್ 19ರಂದು ಫಿಲಡೆಲ್ಫಿಯಾದ ಒಂದು ಪತ್ರಿಕೆಯಲ್ಲಿ ಅಚ್ಚಾಯಿತು, ಅಷ್ಟೇ. ಕರಡು ಬರೆಯುವುದಕ್ಕೆ 1792ರಲ್ಲಿ ಮ್ಯಾಡಿಸನ್ ಕೈಹಾಕಿದ್ದ, ಆಮೇಲೆ ಖಜಾನೆ ಕಾರ್ಯದರ್ಶಿಯಾಗಿದ್ದ ಅಲೆಕ್ಸಾಂಡರ್ ಹ್ಯಾಮಿಲ್ಟನ್. ಅಷ್ಟರಲ್ಲಿ ಅವರಿಬ್ಬರೂ ರಾಜಕೀಯದಲ್ಲಿ ಎದುರಾಳಿಗಳಾಗಿದ್ದರು. ಜಗಳವಾಡಿಕೊಂಡ ಇಬ್ಬರ ಕೈ ಸೇರಿದ ಕಾಗದದಲ್ಲಿ ಪಕ್ಷಜಗಳ ಬೇಡ ಅಂತ ಬುದ್ಧಿಮಾತು, ನೋಡಿ!

ಕೂತ ಮೇಲೆ

ಪುಸ್ತಕ ಪೆನ್ನು ತೆಗೆದುಕೊಂಡು ಹೋಗಿ, ಆದರೆ ಹೇಳಿದ್ದೆಲ್ಲ ಬರೆಯಬೇಡಿ. ನಾನು ಮೊದಮೊದಲು ಡಿಕ್ಟೇಷನ್ ತೆಗೆದುಕೊಂಡ ಹಾಗೆ ಬರೆಯುತ್ತಿದ್ದೆ, ಮನೆಗೆ ಬಂದು ಒಂದು ಸಲವೂ ತೆರೆದು ನೋಡಲಿಲ್ಲ. ತಾರೀಖು ಬಂದರೆ ಬರೆದುಕೊಳ್ಳಿ, ಯಾವ ಕಾಗದದಿಂದ ಹೇಳುತ್ತಿದ್ದಾರೆ ಅನ್ನುವುದನ್ನು ಬರೆದುಕೊಳ್ಳಿ. ಮನಸ್ಸಿನಲ್ಲಿ ಒಂದೇ ಪ್ರಶ್ನೆ ಇಟ್ಟುಕೊಂಡಿರಿ: ಇದು ಇವರಿಗೆ ಹೇಗೆ ಗೊತ್ತಾಯಿತು?

ಈ ಪ್ರಶ್ನೆಯ ರುಚಿ ನನಗೆ ಹತ್ತಿದ್ದು 1789ರ ಆಗಸ್ಟ್ 22ರ ಕಥೆ ಕೇಳಿದಾಗ. ಒಪ್ಪಂದಗಳನ್ನು ಅಧ್ಯಕ್ಷ ಸೆನೆಟ್ಟಿನ ಸಲಹೆ ಮತ್ತು ಸಮ್ಮತಿ ಪಡೆದು ಮಾಡಿಕೊಳ್ಳಬೇಕು ಅಂತ ಎರಡನೇ ವಿಧಿಯಲ್ಲಿದೆ. ವಾಷಿಂಗ್ಟನ್ ಅದನ್ನು ಅಕ್ಷರಶಃ ತೆಗೆದುಕೊಂಡ. ದಕ್ಷಿಣದ ಇಂಡಿಯನ್ ಬುಡಕಟ್ಟುಗಳ ಜೊತೆಗಿನ ಮಾತುಕತೆ ಬಗ್ಗೆ ಸಲಹೆ ಬೇಕು ಅಂತ ಯುದ್ಧ ಇಲಾಖೆ ನೋಡಿಕೊಳ್ಳುತ್ತಿದ್ದ ಹೆನ್ರಿ ನಾಕ್ಸ್‌ನನ್ನು ಕರೆದುಕೊಂಡು ನೇರ ಸೆನೆಟ್ಟಿಗೇ ಬಂದ. ಆಗ ರಾಜಧಾನಿ ನ್ಯೂಯಾರ್ಕ್. ಆಡಮ್ಸ್ ಕಾಗದ ಓದುತ್ತಿದ್ದಾನೆ, ಹೊರಗೆ ರಸ್ತೆಯಲ್ಲಿ ಗಾಡಿಗಳ ಗಡಗಡ, ಒಳಗೆ ಕೂತವರಿಗೆ ಒಂದು ವಾಕ್ಯವೂ ಸರಿಯಾಗಿ ಕಿವಿಗೆ ಬೀಳುತ್ತಿಲ್ಲ. ಕಿಟಕಿ ಮುಚ್ಚಿಸಿ ಇನ್ನೊಂದು ಸಲ ಓದಿಸಿದರು. ಆಮೇಲೆ ಅಂಶ ಅಂಶಕ್ಕೂ ಒಪ್ಪಿಗೆ ಇದೆಯಾ ಅಂತ ಕೇಳಿದರೆ ಯಾರೂ ತುಟಿ ಬಿಚ್ಚುವುದಿಲ್ಲ. ಎದುರಿಗೆ ವಾಷಿಂಗ್ಟನ್ ಕೂತಿದ್ದಾನಲ್ಲ. ಕೊನೆಗೆ ಇದನ್ನು ಸಮಿತಿಗೆ ಒಪ್ಪಿಸೋಣ ಅಂತ ಒಬ್ಬ ಸೂಚಿಸಿದ. ವಾಷಿಂಗ್ಟನ್ ಧಡಕ್ಕನೆ ಎದ್ದು, ನಾನು ಇಲ್ಲಿಗೆ ಬಂದ ಉದ್ದೇಶವೇ ಇದರಿಂದ ಹಾಳಾಯಿತು ಅಂದುಬಿಟ್ಟ. ಎರಡು ದಿನ ಬಿಟ್ಟು ಬಂದು ಕೆಲಸ ಮುಗಿಸಿಕೊಂಡು ಹೋದ, ಆಮೇಲೆ ಸಲಹೆ ಕೇಳುವುದಕ್ಕೆ ಮತ್ತೆ ಆ ಬಾಗಿಲು ತುಳಿಯಲಿಲ್ಲ. ಅಂದಿನಿಂದ ಇಂದಿನವರೆಗೆ ಅಧ್ಯಕ್ಷರು ಒಪ್ಪಂದ ಮಾಡಿಕೊಂಡು ಬಂದು ಆಮೇಲೆ ಸೆನೆಟ್ಟಿನ ಮುಂದೆ ಇಡುವುದು ರೂಢಿ. ಸಲಹೆಗೆ ಅಂತ ತನ್ನ ಇಲಾಖೆ ಮುಖ್ಯಸ್ಥರನ್ನು ಒಟ್ಟಿಗೆ ಕೂರಿಸಿಕೊಳ್ಳುವುದು 1791ರ ನವೆಂಬರಲ್ಲಿ ಶುರುವಾಯಿತು. ಸಂವಿಧಾನದಲ್ಲಿ ಇಲ್ಲದ ಕ್ಯಾಬಿನೆಟ್ ಹುಟ್ಟಿದ್ದು ಹೀಗೆ.

ಸರಿ, ಇದೆಲ್ಲ ಹೇಗೆ ಗೊತ್ತಾಯಿತು? ಸೆನೆಟ್ ಆಗ ಬಾಗಿಲು ಹಾಕಿಕೊಂಡು ಸೇರುತ್ತಿತ್ತು, 1795ರವರೆಗೆ ಜನಕ್ಕೆ ಪ್ರವೇಶವೇ ಇರಲಿಲ್ಲ. ಗಾಡಿಯ ಸದ್ದು, ಕಿಟಕಿ, ಸಿಟ್ಟು ಎಲ್ಲವೂ ಬರುವುದು ಪೆನ್ಸಿಲ್ವೇನಿಯಾದ ಸೆನೆಟರ್ ವಿಲಿಯಂ ಮೆಕ್ಲೇ ಬರೆದ ಖಾಸಗಿ ಡೈರಿಯಿಂದ. ಮೇಲೆ ಹೇಳಿದ ಕ್ರಿಕೆಟ್ ಕ್ಲಬ್ ಮಾತೂ ಅವನದ್ದೇ ದಾಖಲೆ. ಅವನಿಗೆ ಆಡಮ್ಸ್ ಕಂಡರೆ ಆಗುತ್ತಿರಲಿಲ್ಲ. ಸಾಕ್ಷಿ ಹೇಳುವವನಿಗೆ ಕೈಲಾದಷ್ಟು ಹೊಟ್ಟೆಕಿಚ್ಚು ಇತ್ತು ಅಂತ ಗೊತ್ತಾದ ಮೇಲೆ ಕಥೆ ಸುಳ್ಳಾಗುವುದಿಲ್ಲ, ಆದರೆ ಕೇಳುವ ಕಿವಿ ಬದಲಾಗುತ್ತದೆ. ಒಳ್ಳೆಯ ಉಪನ್ಯಾಸಕರು ಇದನ್ನು ತಾವಾಗೇ ಹೇಳುತ್ತಾರೆ. ಹೇಳದಿದ್ದರೆ ನಿಮ್ಮ ಪ್ರಶ್ನೆ ಸಿದ್ಧವಾಯಿತು.

ಇನ್ನೊಂದು ಪರೀಕ್ಷೆ ನಾನು ಯಾವಾಗಲೂ ಮಾಡುತ್ತೇನೆ. ಮನೆಯಲ್ಲಿ ನೆಲ ಗುಡಿಸಿದವರು, ಅಡುಗೆ ಮಾಡಿದವರು ಕಥೆಯಲ್ಲಿ ಬರುತ್ತಾರಾ? ರಾಜಧಾನಿ ನ್ಯೂಯಾರ್ಕಿನಿಂದ ಫಿಲಡೆಲ್ಫಿಯಾಕ್ಕೆ ಹೋದ ಮೇಲೆ ಅಲ್ಲಿನ ಅಧ್ಯಕ್ಷರ ಮನೆಯಲ್ಲಿ ವಾಷಿಂಗ್ಟನ್ ಗುಲಾಮರನ್ನು ಇಟ್ಟುಕೊಂಡಿದ್ದ. ಪೆನ್ಸಿಲ್ವೇನಿಯಾದ 1780ರ ಕಾನೂನಿನ ಪ್ರಕಾರ ಹೊರಗಿನಿಂದ ಬಂದವರು ತಂದ ಗುಲಾಮರು ಆರು ತಿಂಗಳು ಅಲ್ಲಿದ್ದರೆ ಬಿಡುಗಡೆ ಪಡೆಯಬಹುದಿತ್ತು. ಹಾಗಾಗಬಾರದು ಅಂತ ಅವರನ್ನು ಆರು ತಿಂಗಳು ತುಂಬುವ ಮುಂಚೆ ರಾಜ್ಯದ ಗಡಿ ದಾಟಿಸಿ ಮತ್ತೆ ಕರೆತರುತ್ತಿದ್ದರು. 1796ರ ಮೇ 21ರಂದು ಮನೆಯವರು ಊಟಕ್ಕೆ ಕೂತಿದ್ದಾಗ ಓನಾ ಜಡ್ಜ್ ಅನ್ನುವ ಯುವತಿ ಆ ಮನೆಯಿಂದ ಹೊರಟುಹೋದಳು. ಹಿಡಿದುಕೊಟ್ಟವರಿಗೆ ಹತ್ತು ಡಾಲರ್ ಅಂತ ಪತ್ರಿಕೆಯಲ್ಲಿ ಜಾಹೀರಾತು ಹಾಕಿದರು. ಅವಳು ಸಿಗಲಿಲ್ಲ, ನ್ಯೂ ಹ್ಯಾಂಪ್‌ಶೈರ್ ಸೇರಿ 1848ರವರೆಗೂ ಬದುಕಿದಳು. ವಾಷಿಂಗ್ಟನ್ 1799ರಲ್ಲಿ ಸಾಯುವಾಗ ಮೌಂಟ್ ವರ್ನನ್‌ನಲ್ಲಿ 317 ಜನ ಗುಲಾಮರಿದ್ದರು, ಅದರಲ್ಲಿ ತನಗೆ ಸೇರಿದ 123 ಜನರ ಬಿಡುಗಡೆಗೆ ಉಯಿಲು ಬರೆದಿಟ್ಟಿದ್ದ. ವಿದಾಯಪತ್ರದ ಬಗ್ಗೆ ಒಂದು ಗಂಟೆ ಮಾತಾಡಿ, ಅದೇ ವರ್ಷ ಅದೇ ಮನೆಯಿಂದ ವಿದಾಯ ಹೇಳದೆ ಹೋದವಳ ಹೆಸರು ಎತ್ತದವರನ್ನು ನಾನು ಎರಡನೇ ಸಲ ಕೇಳಲು ಹೋಗುವುದಿಲ್ಲ. ಇದು ನನ್ನ ಹಟ, ನಿಮಗೆ ಬೇರೆ ಇರಬಹುದು.

ಪ್ರಶ್ನೆ ಕೇಳುವುದು

ಮೈಕ್ ಕೈಗೆ ಬಂದ ತಕ್ಷಣ ನಾನು ಒಂದು ಸಲ ಎರಡು ನಿಮಿಷ ಮಾತಾಡಿದೆ. ಭಾರತದ ಸಂವಿಧಾನ ಸಭೆಯಿಂದ ಶುರು ಮಾಡಿ ಎಲ್ಲೆಲ್ಲೋ ಹೋಗಿ, ಕೊನೆಗೆ ಏನು ಕೇಳಬೇಕು ಅಂದುಕೊಂಡಿದ್ದೆ ಅನ್ನುವುದೇ ಮರೆತುಹೋಯಿತು. ಪಾಪ, ಉಪನ್ಯಾಸಕರು ನಕ್ಕು, ತುಂಬಾ ಒಳ್ಳೆಯ ಪ್ರಶ್ನೆ ಅಂದರು. ಹೆಂಡತಿ ವಾಪಸ್ ಬರುವಾಗ ಕಾರಿನಲ್ಲಿ ಅದನ್ನೇ ಅನುಕರಣೆ ಮಾಡಿ ತೋರಿಸಿದಳು. ಈಗ ಚೀಟಿಯಲ್ಲಿ ಒಂದೇ ವಾಕ್ಯ ಬರೆದುಕೊಂಡು ಅದನ್ನು ಓದಿ ಕೂತುಬಿಡುತ್ತೇನೆ.

ಯಾವುದು ಕೇಳಬಾರದು ಅಂದರೆ: ವಾಷಿಂಗ್ಟನ್ ಈಗ ಇದ್ದಿದ್ದರೆ ಯಾರಿಗೆ ಓಟು ಹಾಕುತ್ತಿದ್ದ ಅಂತ ಬೇಡ. ಚೆರ್ರಿ ಮರ ಕಡಿದದ್ದು ನಿಜವಾ ಅಂತ ಬೇಡ, ಅವನು ಸತ್ತ ಮೇಲೆ ಒಬ್ಬ ಜೀವನಚರಿತ್ರೆಕಾರ ಸೇರಿಸಿದ ಕಥೆ ಅದು. ಮರದ ಹಲ್ಲೂ ಸುಳ್ಳು, ಅವನ ಕಟ್ಟುಹಲ್ಲಿನಲ್ಲಿ ದಂತ, ಲೋಹ, ಮನುಷ್ಯರ ಹಲ್ಲು ಇದ್ದವು. ಸಭಿಕರಲ್ಲಿ ಒಬ್ಬರು ಎದ್ದು, ಮೊದಲ ಅಧ್ಯಕ್ಷ ವಾಷಿಂಗ್ಟನ್ ಅಲ್ಲ, ಜಾನ್ ಹ್ಯಾನ್ಸನ್ ಅಂತ ಹೇಳುವುದನ್ನು ಎರಡು ಮೂರು ಸಲ ನೋಡಿದ್ದೇನೆ. ಹ್ಯಾನ್ಸನ್ 1781ರಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷನಾಗಿದ್ದದ್ದು ಹೌದು, ಆದರೆ ಅದು ಸಭೆ ನಡೆಸುವ ಕುರ್ಚಿ, ಈಗಿನ ಸ್ಪೀಕರ್ ಥರ. ಅವನ ಕೈಕೆಳಗೆ ಸರ್ಕಾರ ಇರಲಿಲ್ಲ.

ಕೇಳಬೇಕಾದದ್ದು: ಈ ವಿಷಯದಲ್ಲಿ ನೀವು ಮೊದಲು ಅಂದುಕೊಂಡಿದ್ದು ಯಾವುದು ದಾಖಲೆ ನೋಡಿದ ಮೇಲೆ ತಪ್ಪಾಯಿತು? ಇದಕ್ಕೆ ಬರುವ ಉತ್ತರ ಹಲವು ಸಲ ಇಡೀ ಉಪನ್ಯಾಸಕ್ಕಿಂತ ಚೆನ್ನಾಗಿರುತ್ತದೆ.

ಮನೆಗೆ ಬಂದ ರಾತ್ರಿಯೇ, ಮಲಗುವ ಮುಂಚೆ, ಬರೆದುಕೊಂಡ ತಾರೀಖನ್ನು ಫೌಂಡರ್ಸ್ ಆನ್‌ಲೈನ್ ಅನ್ನುವ ಜಾಲತಾಣದಲ್ಲಿ ಹುಡುಕಿ. ಅಲ್ಲಿನ ರಾಷ್ಟ್ರೀಯ ದಾಖಲಾಗಾರ ಇದನ್ನು 2013ರಲ್ಲಿ ತೆರೆಯಿತು. ವಾಷಿಂಗ್ಟನ್, ಆಡಮ್ಸ್, ಜೆಫರ್ಸನ್, ಹ್ಯಾಮಿಲ್ಟನ್, ಮ್ಯಾಡಿಸನ್, ಫ್ರ್ಯಾಂಕ್ಲಿನ್, ಮೊದಲ ಮುಖ್ಯ ನ್ಯಾಯಮೂರ್ತಿ ಜಾನ್ ಜೇ ಇವರ ಪತ್ರಗಳು ಪುಕ್ಕಟೆಯಾಗಿ ಓದಲು ಸಿಗುತ್ತವೆ. ವಾರ ಬಿಟ್ಟು ಹುಡುಕುತ್ತೇನೆ ಅಂದರೆ ಹುಡುಕುವುದಿಲ್ಲ, ನನ್ನ ಅನುಭವ.

ಊರಿಂದ ಅಪ್ಪ ಅಮ್ಮ ಬಂದಾಗ

ಆರು ತಿಂಗಳು ಟೀವಿ ಮುಂದೆ ಕೂರಿಸುವ ಬದಲು ಒಂದು ಸಲ ಕರೆದುಕೊಂಡು ಹೋಗಿ. ಉಚ್ಚಾರಣೆ ಅರ್ಥವಾಗುವುದಿಲ್ಲ ಅಂತ ಹೆದರುತ್ತಾರೆ, ಹಿಂದಿನ ದಿನ ಕಥೆಯನ್ನು ಕನ್ನಡದಲ್ಲಿ ಹೇಳಿಟ್ಟರೆ ಸಾಕು. ಸಭಾಂಗಣದಲ್ಲಿ ಏಸಿ ಜೋರು, ಸ್ವೆಟರ್ ಮರೆಯಬೇಡಿ. ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಾಗದಿದ್ದರೆ ನಮ್ಮ ಕಡೆಯ ಎಳೆಯಿಂದ ಶುರು ಮಾಡಿ. 1782ರ ಏಪ್ರಿಲ್‌ನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಜನರಲ್ ಮಂಕ್ ಅನ್ನುವ ಬ್ರಿಟಿಷ್ ಹಡಗನ್ನು ಹಿಡಿದ ಪೆನ್ಸಿಲ್ವೇನಿಯಾದ ಹಡಗಿನ ಹೆಸರು ಹೈದರ್ ಆಲಿ. ನಮ್ಮ ಹೈದರನೇ. ಆಗ ಅವನು ಇನ್ನೂ ಬದುಕಿದ್ದ, ನಮ್ಮೂರ ಕಡೆ ಅದೇ ಬ್ರಿಟಿಷರ ಮೇಲೆ ಯುದ್ಧ ಮಾಡುತ್ತಿದ್ದ, ಆ ಸುದ್ದಿ ಅಮೆರಿಕದವರೆಗೆ ಮುಟ್ಟಿತ್ತು.

ನನ್ನ ಅಪ್ಪ ಯಾರ್ಕ್‌ಟೌನ್ ಕದನದ, ಅಂದರೆ ಬ್ರಿಟಿಷರು ವಾಷಿಂಗ್ಟನ್ನನ ಸೇನೆಗೆ ಶರಣಾದ ಕದನದ, ಉಪನ್ಯಾಸಕ್ಕೆ ಬಂದಿದ್ದರು. 1781ರ ಅಕ್ಟೋಬರ್ 19ರಂದು ಶರಣಾಗತಿಯ ದಿನ ಬ್ರಿಟಿಷ್ ಜನರಲ್ ಕಾರ್ನ್‌ವಾಲಿಸ್ ಹುಷಾರಿಲ್ಲ ಅಂತ ತಾನು ಬರದೆ ತನ್ನ ಬದಲು ಕೈಕೆಳಗಿನ ಅಧಿಕಾರಿ ಒ'ಹಾರನನ್ನು ಕಳಿಸಿದ ಅಂತ ಉಪನ್ಯಾಸಕರು ಹೇಳಿದ್ದೇ, ಅಪ್ಪ ನನ್ನ ಕಿವಿ ಹತ್ತಿರ ಬಂದು, ಇವನು ಶ್ರೀರಂಗಪಟ್ಟಣಕ್ಕೆ ಬಂದವನೇ ತಾನೇ ಅಂದರು. ಅವನೇ. 1792ರಲ್ಲಿ ಟಿಪ್ಪುವಿನಿಂದ ಅರ್ಧ ರಾಜ್ಯ ಬರೆಸಿಕೊಂಡು ಇಬ್ಬರು ಮಕ್ಕಳನ್ನು ಒತ್ತೆಯಾಗಿ ಒಯ್ದವನು. ಕಾರ್ಯಕ್ರಮ ಮುಗಿದ ಮೇಲೆ ಅಪ್ಪನೇ ಹೋಗಿ ತಮ್ಮ ಮೈಸೂರು ಇಂಗ್ಲಿಷಿನಲ್ಲಿ ಉಪನ್ಯಾಸಕರಿಗೆ ಅದನ್ನು ಹೇಳಿದರು. ಅವರು ಬ್ಯಾಗ್ ಕೆಳಗಿಟ್ಟು, ಕುರ್ಚಿ ಎಳೆದುಕೊಂಡು ಕೂತರು. ಸಭಾಂಗಣದ ದೀಪ ಒಂದೊಂದಾಗಿ ಆರಿಸುವವರೆಗೂ ಇಬ್ಬರೂ ಏಳಲಿಲ್ಲ, ನಾನು ಪಾರ್ಕಿಂಗ್ ಟೈಮು ಮುಗಿಯಿತು ಅಂತ ಕಾರಿನ ಹತ್ತಿರ ಓಡಿದೆ.